ಮಂಜುಗಡ್ಡೆಯ ಮೇಲಿಡಲು ಒಂದು ಮನೆ: ಹಳೆಯ ಫಿಶ್ ಹೌಸ್ ರಿಪೇರಿಯ ದಿನಚರಿ

ಹಿತ್ತಲಿನ ಕೊನೆಯಲ್ಲಿ, ಬರ್ಚ್ ಮರಗಳ ನಡುವೆ, ಅದು ಒಂದು ಮಗ್ಗುಲಿಗೆ ವಾಲಿಕೊಂಡು ನಿಂತಿತ್ತು. 8 ಅಡಿ ಅಗಲ, 10 ಅಡಿ ಉದ್ದ, ಒಳಗೆ ತಲೆ ತಾಗದೆ ನಿಲ್ಲುವಷ್ಟು ಎತ್ತರ. ಸುತ್ತಲೂ ಅಲ್ಯೂಮಿನಿಯಂ ತಗಡು, ಅಡಿಯಲ್ಲಿ ಎರಡು ಉದ್ದನೆಯ ತೊಲೆ. ನಮಗೆ ಮನೆ ಮಾರಿದವರು ಬಿಟ್ಟುಹೋದ ಫಿಶ್ ಹೌಸ್. ಸರೋವರ ಹೆಪ್ಪುಗಟ್ಟಿದ ಮೇಲೆ ಇದನ್ನು ನಡುನೀರಿನವರೆಗೆ ಎಳೆದುಕೊಂಡು ಹೋಗುತ್ತಾರೆ. ನೆಲದಲ್ಲಿರುವ ತೂತುಗಳ ಕೆಳಗೆ ಮಂಜುಗಡ್ಡೆ ಕೊರೆದು, ಬೆಚ್ಚಗೆ ಒಳಗೆ ಕೂತು ಗಾಳ ಬಿಡುತ್ತಾರೆ.

ವಿಡಿಯೋ ಕರೆಯಲ್ಲಿ ಅಮ್ಮನಿಗೆ ತೋರಿಸಿದೆ. "ಅಲ್ಲ ಮಾರಾಯ, ಕೆಳಗೆ ಮಂಜುಗಡ್ಡೆ, ಒಳಗೆ ಬೆಂಕಿ. ಕರಗಿ ಕೆಳಗೆ ಹೋಗೋದಿಲ್ವೇನೋ?" ಅಂದರು. ಹಾಗೇನೂ ಆಗೋದಿಲ್ಲ ಅಂತ ಸಮಾಧಾನ ಹೇಳಿ ಫೋನ್ ಇಟ್ಟೆ. ಒಂದು ವರ್ಷ ಈ ಡಬ್ಬದ ಜೊತೆ ಹೆಣಗಿದ ಮೇಲೆ ಗೊತ್ತಾಯಿತು, ಕೇಳಬೇಕಾದ ಪ್ರಶ್ನೆಯನ್ನೇ ಅಮ್ಮ ಕೇಳಿದ್ದರು. ನನ್ನ ಎಲ್ಲ ತಪ್ಪುಗಳೂ, ಆಮೇಲೆ ಮಾಡಿದ ತಿದ್ದುಪಡಿಗಳೂ ಆ ಪ್ರಶ್ನೆಯ ಸುತ್ತಲೇ ಇವೆ.

ಮೊದಲ ಫೆಬ್ರವರಿ

ಹೆಂಡತಿಗೆ ಈ ಕಡೆ ಕೆಲಸ ಸಿಕ್ಕಿತು; ನನ್ನ ಕೆಲಸ ಹೇಗೂ ಮನೆಯಿಂದಲೇ. ಜನವರಿ ಕೊನೆಗೆ ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನ್ನಿಯಾಪೊಲಿಸ್ ಪಕ್ಕದ ಪ್ಲಿಮತ್ ಬಿಟ್ಟು, ಉತ್ತರಕ್ಕೆ ಐದು ಗಂಟೆಯ ಹಾದಿ ಸವೆಸಿ, ಬಾಡೆಟ್ ಎಂಬ ಪುಟ್ಟ ಪೇಟೆಯ ಹೊರಗೆ ಮನೆ ಮಾಡಿದೆವು. ಪೇಟೆಯನ್ನು ಒತ್ತಿಕೊಂಡೇ ರೇನಿ ನದಿ, ಅದರ ಆಚೆ ದಡ ಕೆನಡಾ. ಇಲ್ಲಿನವರಿಗೆ ವಾಲ್‌ಐ ಮೀನಿನ ಮೇಲೆ ಎಷ್ಟು ಪ್ರೀತಿ ಅಂದರೆ 40 ಅಡಿ ಉದ್ದದ ವಾಲ್‌ಐ ಪ್ರತಿಮೆಯೊಂದನ್ನು 1959ರಲ್ಲೇ ಮಾಡಿ ನಿಲ್ಲಿಸಿದ್ದಾರೆ. ನದಿ ಹೋಗಿ ಸೇರುವುದು ಲೇಕ್ ಆಫ್ ದ ವುಡ್ಸ್‌ಗೆ. ಮಿನ್ನೆಸೋಟ, ಕೆನಡಾದ ಒಂಟಾರಿಯೊ, ಮ್ಯಾನಿಟೋಬ ಮೂವರೂ ಹಂಚಿಕೊಂಡಿರುವ, 14,000ಕ್ಕೂ ಹೆಚ್ಚು ದ್ವೀಪಗಳಿರುವ ನೀರು ಅದು. ನಮ್ಮ ಕಡೆಗೆ ಬರುವ ದಕ್ಷಿಣದ ಭಾಗದಲ್ಲಿ ಮಾತ್ರ ದ್ವೀಪಗಳಿಲ್ಲ, ಹತ್ತಾರು ಕಿಲೋಮೀಟರ್ ಬಟಾಬಯಲು.

ನಾನು ಗಾಳ ಹಿಡಿದದ್ದು ತೀರ್ಥಹಳ್ಳಿ ಕಡೆಯ ಹಳ್ಳದಲ್ಲಿ. ಎರೆಹುಳು, ಬಿದಿರ ಕೋಲು, ಬೆಂಡು. ಮುಂಗಾರಿನ ಮೊದಲ ನೆರೆಗೆ ಗದ್ದೆಗೆ ಹತ್ತಿ ಬರುವ ಹತ್ತುಮೀನಿನ ಹಿಂದೆ, ಅಪ್ಪನ ಜೊತೆ ಸರಿರಾತ್ರಿಯಲ್ಲಿ ಟಾರ್ಚ್ ಹಿಡಿದು ಓಡಿದವನು. ಅಮೆರಿಕಕ್ಕೆ ಬಂದ ಮೇಲೆ ಆ ಹುಚ್ಚು ಚಳಿಗಾಲಕ್ಕೆ ತಿರುಗಿತು. ಪ್ಲಿಮತ್ತಿನ ಮೆಡಿಸಿನ್ ಲೇಕ್ ಮೇಲೆ ಎಂಟು ಚಳಿಗಾಲ ಬಟ್ಟೆಯ ಗುಡಾರದಲ್ಲಿ ಕೂತಿದ್ದೇನೆ. ಅಲ್ಲಿ ದಡ ಕಾಣುತ್ತದೆ, ದಡದ ಮನೆಗಳ ದೀಪ ಕಾಣುತ್ತದೆ. ಬೇಜಾರಾದರೆ ಹತ್ತು ನಿಮಿಷದಲ್ಲಿ ಕಾರು.

ಅದೇ ಗುಡಾರವನ್ನು ಫೆಬ್ರವರಿ ಎರಡನೇ ವಾರ ಇಲ್ಲಿ ಬಿಚ್ಚಿದೆ. ವಾಯವ್ಯದಿಂದ ಬಂದ ಗಾಳಿಗೆ ಅಡ್ಡ ಒಂದು ಮರವಿಲ್ಲ, ಗುಡ್ಡವಿಲ್ಲ. ಮೂಲೆಯ ಎರಡು ಗೂಟ ಕಿತ್ತು ಬಂದವು. ಗುಡಾರ ಹಾಯಿಯ ಹಾಗೆ ಉಬ್ಬಿ ನನ್ನನ್ನೂ ಕೂತಿದ್ದ ಸ್ಲೆಡ್ಡನ್ನೂ ಎಳೆದುಕೊಂಡು ಹೊರಟಿತು. ಮಗಳು ಹೊರಗೆ ನಿಂತಿದ್ದಳು, ಅವಳ ಮುಖದಲ್ಲಿ ಕಂಡ ಹೆದರಿಕೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಇನ್ನೂರು ಅಡಿ ಆಚೆ ಫಿಶ್ ಹೌಸಿನಲ್ಲಿದ್ದ ಹಿರಿಯರೊಬ್ಬರು ಬಂದು ಹಗ್ಗ ಹಿಡಿದರು. ನಮ್ಮ ರಸ್ತೆಯಲ್ಲೇ ಎರಡು ಮನೆ ಆಚೆಯವರು ಅಂತ ಆಮೇಲೆ ತಿಳಿಯಿತು. "ಈ ಸರೋವರಕ್ಕೆ ಬಟ್ಟೆ ಸಾಲದು. ನಿನ್ನ ಹಿತ್ತಲಲ್ಲೇ ಗಟ್ಟಿ ಮನೆ ಇದೆಯಲ್ಲ, ಅದನ್ನು ಎಬ್ಬಿಸು" ಅಂದರು.

ಜೂನ್: ಬಿಚ್ಚಿದಾಗ ಕಂಡದ್ದು

ಹಿಮ ಕರಗಿ ನೆಲ ಒಣಗಿದ ಮೇಲೆ ಕೆಲಸ ಹಿಡಿದೆ. ಮೊದಲು ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಮರದ ಒಂದೊಂದು ಕಂಬವನ್ನೂ ಚುಚ್ಚುತ್ತಾ ಬಂದೆ. ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಬೆಣ್ಣೆಯ ಹಾಗೆ ಬಿಟ್ಟುಕೊಡುತ್ತದೆ. ಮೇಲಿನ ಅರ್ಧ ಚೆನ್ನಾಗಿತ್ತು. ಎಲ್ಲ ಕಂಬಗಳೂ ಬುಡದ ಆರು ಇಂಚು ಹೋಗಿದ್ದವು. ನೆಲದ ಪ್ಲೈವುಡ್ ಪದರ ಪದರವಾಗಿ ಎದ್ದು ಬಂತು. ಗೋಡೆಯೊಳಗೆ ತುಂಬಿದ್ದ ಗಾಜಿನ ಉಣ್ಣೆ ಒದ್ದೆಯಾಗಿ ಕುಸಿದು ಕೆಳಗೆ ಗಂಟುಕಟ್ಟಿತ್ತು. ಅದರೊಳಗೆ ಇಲಿಗಳ ಸಂಸಾರ.

ಮಾಡಿನ ತಗಡು ಸೋರಿರಬೇಕು ಅಂದುಕೊಂಡೆ. ಪೈಪಿನಲ್ಲಿ ಅರ್ಧ ಗಂಟೆ ನೀರು ಬಿಟ್ಟು ನೋಡಿದೆ, ಒಂದು ಹನಿ ಒಳಗೆ ಬರಲಿಲ್ಲ. ಹೊರಗಿನ ನೀರು ಬಂದಿಲ್ಲ ಅಂದರೆ ಇಷ್ಟೊಂದು ಒದ್ದೆ ಎಲ್ಲಿಂದ? ಉತ್ತರ ಮೂಲೆಯಲ್ಲೇ ಕೂತಿತ್ತು. ಹಳೆಯ ಪ್ರೊಪೇನ್ ಹೀಟರ್, ಹೊಗೆಕೊಳವೆ ಇಲ್ಲದ್ದು. ಉರಿದದ್ದೆಲ್ಲ ಒಳಗೇ ಬಿಡುವಂಥದ್ದು.

ಪ್ರೊಪೇನ್ ಉರಿದರೆ ಹುಟ್ಟುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಕಾಗದದ ಮೇಲೆ ಲೆಕ್ಕ ಹಾಕಿದೆ: 1 ಕಿಲೋ ಪ್ರೊಪೇನ್ ಪೂರ್ತಿ ಉರಿದರೆ 1.6 ಕಿಲೋಗಿಂತ ಹೆಚ್ಚು ನೀರು. ಇಲ್ಲಿ ಎಲ್ಲರೂ ಬಳಸುವ ಸಿಲಿಂಡರಿನಲ್ಲಿ 9 ಕಿಲೋ ಗ್ಯಾಸ್ ಇರುತ್ತದೆ. ಅಂದರೆ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 14 ಲೀಟರಿಗೂ ಹೆಚ್ಚು ನೀರು ಆವಿಯಾಗಿ ಆ ಪುಟ್ಟ ಕೋಣೆಯೊಳಗೆ ಸುರಿದ ಹಾಗೆ. ಜೊತೆಗೆ ಕೂತವರ ಉಸಿರು, ತೂತಿನ ನೀರು, ಕುದಿಸಿದ ಚಹಾ. ಅದೆಲ್ಲ ತಣ್ಣನೆ ಗೋಡೆಗೆ ತಾಗಿ, ಹೆಪ್ಪಾಗಿ, ಮಾರನೆಯ ದಿನ ಹೀಟರ್ ಹಚ್ಚಿದಾಗ ಕರಗಿ ಬುಡಕ್ಕೆ ಇಳಿದಿದೆ. ಎಷ್ಟು ಚಳಿಗಾಲ ಹೀಗೆ ಇಳಿಯಿತೋ. ಹೊರಗೆ ಒಂದು ಹನಿ ಮಳೆಯಿಲ್ಲದ ಚಳಿಗಾಲದಲ್ಲಿ ಈ ಮನೆ ಒಳಗಿನಿಂದ ಮಳೆಗಾಲ ಕಂಡಿದೆ.

ಹೊಗೆಕೊಳವೆ ಇಲ್ಲದ ಹೀಟರಿನ ಇನ್ನೊಂದು ಅಪಾಯ ಕೊಳೆಯುವ ಮರಕ್ಕಿಂತ ದೊಡ್ಡದು. ಗಾಳಿ ಸಾಲದೆ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಮಗಳನ್ನು ಮಲಗಿಸುವ ಜಾಗ ಇದು. ಆ ಹೀಟರನ್ನು ಅವತ್ತೇ ಗುಜರಿಗೆ ಕೊಟ್ಟೆ.

ಜುಲೈ, ಆಗಸ್ಟ್: ಬುಡದಿಂದ ಮೇಲಕ್ಕೆ

ತಗಡು, ಮಾಡು, ಕಂಬದ ಮೇಲರ್ಧ ಉಳಿಸಿಕೊಂಡೆ. ನಾಲ್ಕು ಮೂಲೆಗೆ ಜಾಕ್ ಕೊಟ್ಟು ಇಡೀ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಅಡಿಯಿಂದ ಹಳೆಯ ನೆಲವನ್ನು ಎಳೆದು ಹಾಕಿದೆ. ಕಂಬಗಳ ಕೊಳೆತ ಬುಡ ಕತ್ತರಿಸಿ, ಪಕ್ಕಕ್ಕೆ ಹೊಸ ತುಂಡು ಜೋಡಿಸಿ ಬೋಲ್ಟ್ ಹಾಕಿದೆ. ಎರಡು ವಾರಾಂತ್ಯ ಅದಕ್ಕೇ ಹೋಯಿತು. ಅದರ ಬಗ್ಗೆ ಬೇರೆ ಹೇಳುವಂಥದ್ದಿಲ್ಲ, ಬೆವರು ಮತ್ತು ಸೊಳ್ಳೆ ಅಷ್ಟೇ. ಇಲ್ಲಿನ ಸೊಳ್ಳೆಗಳು ನಮ್ಮ ಮಲೆನಾಡಿನವಕ್ಕೆ ಏನೂ ಕಡಿಮೆಯಿಲ್ಲ.

ಅಡಿತೊಲೆಗಳು, ಇಲ್ಲಿನವರ ಬಾಯಲ್ಲಿ ಸ್ಕಿಡ್, ಹೊಸವು. ಔಷಧಿ ಕುಡಿಸಿದ, ಹೆಸರಿಗೆ 4×6 ಇಂಚಿನ ಮರ, ನಿಲ್ಲಿಸಿದಾಗ ನಿಜವಾದ ಎತ್ತರ ಐದೂವರೆ ಇಂಚು. ಮುಂದಿನ ತುದಿಯನ್ನು ದೋಣಿಯ ಮೂತಿಯ ಹಾಗೆ ಓರೆಯಾಗಿ ಕತ್ತರಿಸಿದೆ, ಹಿಮಕ್ಕೆ ಕಚ್ಚಿಕೊಳ್ಳದೆ ಹತ್ತಿ ಹೋಗಲಿ ಅಂತ. ಅಡಿಗೆ ಉದ್ದಕ್ಕೂ ದಪ್ಪ ಪ್ಲಾಸ್ಟಿಕ್ ಪಟ್ಟಿ, ಸ್ಕ್ರೂ ತಲೆಗಳು ಒಳಗೆ ಹೂತುಹೋಗುವಂತೆ. ಎರಡೂ ಮೂತಿಯಿಂದ ಸರಪಳಿ ಬಂದು ನಡುವೆ ಸೇರುತ್ತದೆ.

ನೆಲದ ಚೌಕಟ್ಟು ಹೆಸರಿಗೆ 2×4 ಇಂಚಿನ ಮರದ್ದು, ನಿಜವಾದ ಎತ್ತರ ಮೂರೂವರೆ. ಅದರೊಳಗೆ ಒಂದೂವರೆ ಇಂಚಿನ ಗುಲಾಬಿ ಫೋಮ್ ಹಲಗೆ ಎರಡು ಪದರ. ನೀರು ಹೀರದ ಗಟ್ಟಿ ಫೋಮ್ ಅದು. ಹಳೆಯ ಉಣ್ಣೆಯ ಗತಿ ಕಂಡ ಮೇಲೆ ಬೇರೆ ಯಾವುದಕ್ಕೂ ಮನಸ್ಸು ಒಪ್ಪಲಿಲ್ಲ. ಅಡಿಯಿಂದ ಇಲಿ ಕಡಿಯದಂತೆ ತೆಳು ತಗಡು, ಮೇಲೆ ಮುಕ್ಕಾಲು ಇಂಚಿನ ಪ್ಲೈವುಡ್. ಗೋಡೆಗೂ ಮಾಡಿಗೂ ಒಂದೂವರೆ ಇಂಚಿನ ಫೋಮ್, ಸಂದುಗಳಿಗೆಲ್ಲ ಉಬ್ಬುವ ನೊರೆ, ಅದರ ಮೇಲೆ ತೆಳು ಪ್ಲೈವುಡ್. ನೆಲಕ್ಕೆ ಗೋಡೆಯ ಎರಡರಷ್ಟು ಫೋಮ್ ಹಾಕಲು ಹೇಳಿದವರು ಆ ನೆರೆಯ ಹಿರಿಯರೇ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದಲ್ಲ, ಮಾಡಿಗೆ ಹೆಚ್ಚು ಹಾಕಬಾರದೇ ಅಂತ ಕೇಳಿದೆ. "ಮಾಡಿನಿಂದ ಬಿಸಿ ಹೋದರೆ ಗ್ಯಾಸ್ ದಂಡ. ನೆಲದಿಂದ ಹೋದರೆ ಮನೆಯೇ ಸಿಕ್ಕಿಹಾಕಿಕೊಳ್ಳುತ್ತದೆ" ಅಂದರು. ಆಗ ಆ ಮಾತಿನ ಅರ್ಧ ಮಾತ್ರ ತಲೆಗೆ ಹೋಗಿತ್ತು.

ಬಕೆಟ್ಟಿನ ಬಾವಿಗಳು

ನನಗೆ ಬಹಳ ಹಿಡಿಸಿದ ಕೆಲಸ ಇದು. ಮಿನ್ನೆಸೋಟದಲ್ಲಿ ಚಳಿಗಾಲದಲ್ಲಿ ಒಬ್ಬರಿಗೆ ಎರಡು ಗಾಳ. ನಾನು, ಮಗಳು, ಹಾಗಾಗಿ ನಾಲ್ಕು ತೂತು. ಮನೆ ಮಂಜುಗಡ್ಡೆಗೆ ನೇರವಾಗಿ ತಾಗದೆ ಮರದ ತುಂಡುಗಳ ಮೇಲೆ ನಿಲ್ಲಬೇಕು, ಕೆಳಗೆ ಚಳಿಗಾಳಿ ಓಡಾಡಬೇಕು. ಆದರೆ ಅದೇ ಗಾಳಿ ನೆಲದ ತೂತಿನಿಂದ ಒಳಗೆ ನುಗ್ಗಿದರೆ ಕಾಲು ಮರಗಟ್ಟುತ್ತದೆ, ತೂತಿನ ನೀರೂ ಹೆಪ್ಪುಗಟ್ಟುತ್ತದೆ. ನೆಲದಿಂದ ಗಡ್ಡೆಯವರೆಗೆ ಒಂದು ಕೊಳವೆ ಬೇಕು, ಬಾವಿಗೆ ಉಂಗುರ ಇಳಿಸಿದ ಹಾಗೆ. ಅಂಗಡಿಯಲ್ಲಿ ಸಿದ್ಧವಾದದ್ದು ಸಿಗುತ್ತದೆ. ಆದರೆ ನನ್ನ ಶೆಡ್ಡಿನಲ್ಲಿ 5 ಗ್ಯಾಲನ್ನಿನ ಬಣ್ಣದ ಬಕೆಟ್ಟುಗಳು ರಾಶಿ ಬಿದ್ದಿದ್ದವು.

ಅಳತೆ ನೋಡಿ: ನೆಲ ನಾಲ್ಕೂಕಾಲು ಇಂಚು, ಸ್ಕಿಡ್ ಐದೂವರೆ, ಅಡಿಗೆ ಕೊಡುವ ಮರದ ತುಂಡು ಮೂರೂವರೆ. ಒಟ್ಟು ಹದಿಮೂರೂಕಾಲು. ತಳ ಕತ್ತರಿಸಿದ ಬಕೆಟ್ ಸುಮಾರು 14. ಬಕೆಟ್ಟಿನ ಬಾಯಂಚು ನೆಲದ ತೂತಿಗೆ ಸಿಕ್ಕಿ ನಿಲ್ಲುತ್ತದೆ, ಕೆಳತುದಿ ಗಡ್ಡೆಗೆ ತಾಗುತ್ತದೆ. ತಾಗಿದ ಸುತ್ತ ಒಂದು ಹಿಡಿ ಹಿಮ ಒತ್ತಿದರೆ ಗಾಳಿ ಬಂದ್. ಬಕೆಟ್ ಕೆಳಗೆ ಕಿರಿದಾಗುತ್ತದಾದರೂ ಗಡ್ಡೆ ಕೊರೆಯುವ ನನ್ನ 8 ಇಂಚಿನ ಬೈರಿಗೆ, ಅಂದರೆ ಆಗರ್, ಕೊರೆದ ತೂತಿಗೆ ಅಷ್ಟು ಧಾರಾಳ. ಜಿಗ್ ಗರಗಸದಲ್ಲಿ ನೆಲ ಕತ್ತರಿಸಿದಾಗ ಬಿದ್ದ ದುಂಡು ತುಂಡುಗಳಿಗೇ ಫೋಮ್ ಅಂಟಿಸಿ, ಮೇಲೊಂದು ಹಗ್ಗದ ಹಿಡಿ ಹಾಕಿ, ಮುಚ್ಚಳ ಮಾಡಿದೆ. ನಾಲ್ಕಕ್ಕೂ ಮಗಳು ಬೇರೆ ಬೇರೆ ಬಣ್ಣ ಬಳಿದಳು. ಹಳದಿ ಅವಳದು, ಯಾರೂ ಮುಟ್ಟುವಂತಿಲ್ಲ.

ಪ್ರತಿ ತೂತಿನ ಮೇಲೆ ಗೋಡೆಗೆ ರ್ಯಾಟಲ್ ರೀಲ್. ಅಗಲವಾದ ಉರುಳೆ, ಒಳಗೆ ಮಣಿಗಳು. ರಾತ್ರಿ ಮಲಗಿದ್ದಾಗ ಮೀನು ದಾರ ಎಳೆದರೆ ಗಿಲಕಿಯ ಹಾಗೆ ಸದ್ದು ಮಾಡಿ ಎಬ್ಬಿಸುತ್ತದೆ.

ಅಕ್ಟೋಬರ್: ಬೆಂಕಿ

ಹೊಸ ಹೀಟರ್ ಕ್ಯಾಂಪರ್ ಗಾಡಿಗಳಲ್ಲಿ ಬರುವ ಮಾದರಿ. ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದು, ಹೊಗೆಯನ್ನೂ ಆವಿಯನ್ನೂ ಹೊರಗೇ ಬಿಡುತ್ತದೆ. ಒಳಗೆ ಬರುವುದು ಒಣ ಬಿಸಿಗಾಳಿ ಮಾತ್ರ. ಫ್ಯಾನಿಗೆ 12 ವೋಲ್ಟ್ ಬೇಕು, ಎರಡರಿಂದ ಮೂರು ಆಂಪ್ ಎಳೆಯುತ್ತದೆ. 100 ಆಂಪ್-ಅವರ್ ಲಿಥಿಯಂ ಬ್ಯಾಟರಿ ಒಂದಿದ್ದರೆ ಎರಡು ರಾತ್ರಿ ನಿಶ್ಚಿಂತೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಯ ಕೆಳಗೆ ಚಾರ್ಜ್ ಮಾಡಬಾರದು, ಮಾಡಿದರೆ ಒಳಗೇ ಕೆಡುತ್ತದೆ. ಅದಕ್ಕೇ ಬೆಂಚಿನ ಕೆಳಗೆ, ಬಿಸಿಗಾಳಿ ಬರುವ ಕಡೆ ಇಟ್ಟೆ.

ಹೊಗೆ ಹೊರಗೆ ಹೋಗುತ್ತದೆ ಅಂತ ಮೈಮರೆಯಲಿಲ್ಲ. ಗೋಡೆಯಲ್ಲಿ ಎರಡು ಗಾಳಿಕಿಂಡಿ, ಒಂದು ಕೆಳಗೆ, ಇನ್ನೊಂದು ಎದುರು ಗೋಡೆಯ ಮೇಲ್ಭಾಗದಲ್ಲಿ. ಚಳಿ ತಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ಹಾಸಿಗೆಯ ತಲೆದಿಕ್ಕಿಗೆ, ಇನ್ನೊಂದು ಬಾಗಿಲ ಬಳಿ.

ಹೀಟರನ್ನು ಬಾಗಿಲಿನ ಎದುರು ಗೋಡೆಗೆ ಕೂರಿಸಿದೆ. ನೋಡಲು ಅಚ್ಚುಕಟ್ಟಾಗಿತ್ತು. ಹಿತ್ತಲಲ್ಲಿ ಎರಡು ರಾತ್ರಿ ಹಚ್ಚಿ ಪರೀಕ್ಷೆ ಮಾಡಿದೆ, ಗಡಿಯಾರದ ಹಾಗೆ ನಡೆಯಿತು. ಸುತ್ತ ಬರ್ಚ್ ಮರಗಳು, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಅದನ್ನು ಗಮನಿಸಬೇಕಿತ್ತು.

ಬಾಗಿಲಿಗೆ ಹೊಸ ಬಿಜಾಗರಿ ಹಾಕಿದೆ. ಒಳಗೆ ಜನ ಇರುವಾಗ ಹೊರಗಿನಿಂದಲೂ ತೆರೆಯಲು ಬರಬೇಕು ಎಂಬುದು ಇಲ್ಲಿನ ನಿಯಮ, ಆದ್ದರಿಂದ ಒಳಗೆ ಅಗುಳಿ ಇಲ್ಲ. ಹೊರಗೋಡೆಯ ಮೇಲೆ ಎರಡು ಇಂಚಿಗೆ ಕಡಿಮೆಯಿಲ್ಲದ ಅಕ್ಷರದಲ್ಲಿ ಹೆಸರು, ವಿಳಾಸ. ನಾಲ್ಕೂ ಬದಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ. ಮನೆಯನ್ನು ಸರೋವರದ ಮೇಲೆ ಬಿಟ್ಟು ಬರುವುದಕ್ಕೆ ಪರವಾನಗಿ. ಕಸವನ್ನು ಗಡ್ಡೆಯ ಮೇಲೆ ಒಂದು ಗಳಿಗೆಯೂ ಬಿಡಬಾರದು ಅಂತ ಈಚೆಗೆ ಬಿಗಿ ಕಾನೂನೂ ಬಂದಿದೆ. ಒಳ್ಳೆಯದೇ ಆಯಿತು. ಗಡ್ಡೆ ಕರಗಿದರೆ ಎಲ್ಲವೂ ನೀರಿಗೇ ತಾನೇ ಹೋಗುವುದು.

ಡಿಸೆಂಬರ್: ಗಡ್ಡೆಯನ್ನು ಓದುವುದು

ಡಿಸೆಂಬರ್ ಪೂರ್ತಿ ಮನೆ ಹಿತ್ತಲಲ್ಲೇ. ನಾನು ಮಾತ್ರ ಹಿರಿಯರ ಹಿಂದೆ ಉಕ್ಕಿನ ಗಡಪಾರೆ ಹಿಡಿದು ನಡೆದೆ. ಕಾಲ್ನಡಿಗೆಗೆ ಹೊಸದಾದ ತಿಳಿ ಗಡ್ಡೆ 4 ಇಂಚಾದರೂ ಬೇಕು, ಮಧ್ಯಮ ಗಾತ್ರದ ಪಿಕಪ್ ಟ್ರಕ್ಕಿಗೆ 13 ಇಂಚು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುವ ಅಳತೆ ಇದು. ಪ್ರತಿ 150 ಅಡಿಗೊಮ್ಮೆಯಾದರೂ ಕೊರೆದು ನೋಡಿ ಎಂದೂ ಅವರೇ ಹೇಳುತ್ತಾರೆ. ಗಡ್ಡೆಯ ದಪ್ಪ ಎರಡು ಪಟ್ಟಾದರೆ ಅದು ಹೊರುವ ಭಾರ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ 8 ಇಂಚಿಗೂ 16 ಇಂಚಿಗೂ ಇರುವ ಅಂತರ ಕಣ್ಣಿಗೆ ಕಾಣುವುದಕ್ಕಿಂತ ಬಹಳ ಹೆಚ್ಚು. ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಗಡ್ಡೆಗೆ ತಿಳಿ ಗಡ್ಡೆಯ ಅರ್ಧದಷ್ಟೇ ಬಲ.

ಮೆಡಿಸಿನ್ ಲೇಕಿನಲ್ಲಿ ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಈ ನೀರಿನ ನಡತೆ. ರೇನಿ ನದಿ ಸರೋವರಕ್ಕೆ ಇಳಿಯುವ ಕಡೆ ಹರಿವು ಕೆಳಗಿನಿಂದ ಗಡ್ಡೆಯನ್ನು ಸವೆಸುತ್ತದೆ. ಮೇಲಿನಿಂದ ನೋಡಿದರೆ ಏನೂ ತಿಳಿಯದು. ಹರವಾದ ಸರೋವರದಲ್ಲಿ ಗಡ್ಡೆ ಹಿಗ್ಗಿ ಕುಗ್ಗಿ ಉದ್ದುದ್ದ ಬಿರುಕು ಬಿಡುತ್ತದೆ, ಎರಡು ಹಾಳೆಗಳು ಒತ್ತಿಕೊಂಡಲ್ಲಿ ಬದುವಿನ ಹಾಗೆ ಎದ್ದು ನಿಲ್ಲುತ್ತದೆ. ಅದರ ಬುಡದಲ್ಲಿ ತೆರೆದ ನೀರಿರಬಹುದು. ಇಲ್ಲಿನ ರೆಸಾರ್ಟಿನವರು ಗಡ್ಡೆಯ ಮೇಲೆ ದಾರಿ ಮಾಡುತ್ತಾರೆ: ಹಿಮ ಸರಿಸಿ, ದಪ್ಪ ಅಳೆದು, ಬಿರುಕಿಗೆ ಸೇತುವೆ ಹಾಕಿ ಕಾಯುತ್ತಾರೆ. ಶುಲ್ಕ ಕಟ್ಟಿ ಆ ದಾರಿಯಲ್ಲೇ ಹೋಗಬೇಕು. ಹೊಸಬನಾಗಿ ಆ ಹಣಕ್ಕೆ ನಾನು ಒಂದು ದಿನವೂ ಹಿಂದೆಮುಂದೆ ನೋಡಿಲ್ಲ.

ಜನವರಿ: ಎಳೆದೆವು, ಸಿಕ್ಕಿಬಿದ್ದೆವು

ಜನವರಿ ಎರಡನೇ ವಾರ, 18 ಇಂಚು ಗಡ್ಡೆ. ಹಿರಿಯರ ಟ್ರಕ್, ನನ್ನ ಮನೆ. ಮನೆಯ ತೂಕ ಸುಮಾರು 600 ಕಿಲೋ. ಗಡ್ಡೆ ಒಡೆದರೆ ಬೇಗ ಹೊರಬರಲಿ ಅಂತ ಟ್ರಕ್ಕಿನ ಕಿಟಕಿ ಇಳಿಸಿ, ಸೀಟ್ ಬೆಲ್ಟ್ ಹಾಕದೆ, ನಿಧಾನಕ್ಕೆ ಹೊರಟೆವು. ಬೇಗ ಓಡಿಸಿದರೆ ಗಡ್ಡೆಯ ಅಡಿಯ ನೀರಿನಲ್ಲಿ ಅಲೆ ಏಳುತ್ತದೆ, ದಡದ ಹತ್ತಿರ ಅದು ತಿರುಗಿ ಬಡಿದು ಗಡ್ಡೆ ಒಡೆಯಬಹುದು. ಮನೆ ಸದ್ದಿಲ್ಲದೆ ಹಿಂದೆ ಜಾರಿಕೊಂಡು ಬಂತು.

ಸುಮಾರು 28 ಅಡಿ ನೀರಿರುವ ಕಡೆ ನಿಲ್ಲಿಸಿದೆವು. ಹಿರಿಯರು ಮನೆಗೆ ಹೊರಟರು. ನನಗೋ ತಡೆಯಲಾಗದ ಆತುರ. ಮಗಳು ಹಳದಿ ಮುಚ್ಚಳ ತೆಗೆದು ಕಾಯುತ್ತಿದ್ದಳು. ಮೊದಲು ಕೊರೆದು ಗಾಳ ಬಿಡೋಣ, ಅಡಿಗೆ ತುಂಡು ಆಮೇಲೆ ಕೊಡೋಣ ಅಂದುಕೊಂಡು ಆಗರ್ ಇಳಿಸಿದೆ.

ಬರಿಯ ಗಡ್ಡೆಯಾದರೆ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಮುಳುಗಿ ತೇಲುತ್ತದೆ. 18 ಇಂಚಿನದರಲ್ಲಿ ತೂತು ಕೊರೆದರೆ ನೀರು ಮೇಲ್ಮೈಗಿಂತ ಒಂದೂವರೆ ಇಂಚು ಕೆಳಗೇ ನಿಲ್ಲಬೇಕು. ಆದರೆ ಮೇಲೆ ಒಂದಡಿ ಹಿಮದ ಭಾರ, ಅದರ ಮೇಲೆ ಮನೆಯ ಭಾರ. ಗಡ್ಡೆ ಅಷ್ಟು ಕೆಳಗೆ ಕುಗ್ಗಿತ್ತು. ನಾಲ್ಕೂ ತೂತಿನಿಂದ ನೀರು ಉಕ್ಕಿ ಹಿಮಕ್ಕೆ ಹರಡಿತು, ಸ್ಕಿಡ್‌ಗಳ ಸುತ್ತ ಕೆಸರಾಯಿತು. ಒಳಗೆ ಬೆಚ್ಚಗಿತ್ತು, ಮೀನೂ ಕಚ್ಚುತ್ತಿತ್ತು. ಗಮನ ಅತ್ತ ಹೋಗಲಿಲ್ಲ.

ಬೆಳಿಗ್ಗೆ ಹೊರಗೆ ಮೈನಸ್ 27. ಮನೆ ಗಡ್ಡೆಗೆ ಬೆಸೆದುಕೊಂಡಿತ್ತು. ಜಾಕ್ ಕೊಟ್ಟರೆ ತೊಲೆ ಕಿರ್ರೆನ್ನುತ್ತದೆಯೇ ಹೊರತು ಏಳುವುದಿಲ್ಲ. ಗಡಪಾರೆಯಲ್ಲಿ ಸ್ಕಿಡ್ಡಿನ ಪಕ್ಕದ ಗಡ್ಡೆ ಕುಟ್ಟಿ ಕುಟ್ಟಿ ಬಿಡಿಸುವಷ್ಟರಲ್ಲಿ ಮಧ್ಯಾಹ್ನ. ಹಿರಿಯರು ಬಂದು ಮಾತಾಡದೆ ಇನ್ನೊಂದು ಗಡಪಾರೆ ಹಿಡಿದರು. ಕೆಲಸ ಮುಗಿದ ಮೇಲೆ ತೋರಿಸಿಕೊಟ್ಟರು: ನಾಲ್ಕು ಮೂಲೆ, ಎರಡು ನಡು, ಆರು ಕಡೆ ಹಿಮ ಕೆರೆದು ಬರಿಗಡ್ಡೆ ಕಾಣಿಸಬೇಕು. ಅಲ್ಲಿ ಮರದ ತುಂಡು ಇಟ್ಟು ಮನೆಯನ್ನು ಎತ್ತಿ ಕೂರಿಸಬೇಕು. ಸುತ್ತಲಿನ ಹಿಮವನ್ನು ಸಲಿಕೆಯಲ್ಲಿ ದೂರ ಎಸೆಯಬೇಕು. ಇಷ್ಟಾದ ಮೇಲೆ ಆಗರ್. ಉಕ್ಕಿದ ಕೆಸರುಹಿಮವನ್ನು ಕೂಡಲೇ ಮೊಗೆದು ಆಚೆ ಹಾಕಬೇಕು. ಕೊನೆಗೆ ಬಕೆಟ್.

ಗೋಡೆಯ ಸುತ್ತ ಹಿಮ ಒಟ್ಟಿ ಗಾಳಿ ತಡೆಯುವ ಅಭ್ಯಾಸ ನನಗಿತ್ತು. ಗುಡಾರಕ್ಕೆ ಹಾಗೇ ಮಾಡುತ್ತಿದ್ದೆ. ಒಂದು ದಿನಕ್ಕೆ ಎದ್ದು ಹೋಗುವ ಗುಡಾರಕ್ಕೆ ಅದು ಸರಿ. ಎರಡು ತಿಂಗಳು ನಿಲ್ಲುವ ಮನೆಗೆ ಹಿಮ ಕಂಬಳಿಯಾಗುತ್ತದೆ: ಅಡಿಯ ಬಿಸಿಯನ್ನು ಹಿಡಿದಿಡುತ್ತದೆ, ಭಾರ ಹಾಕಿ ನೀರು ಉಕ್ಕಿಸುತ್ತದೆ. ನೆಲದ ಬಗ್ಗೆ ಜುಲೈಯಲ್ಲಿ ಅವರು ಹೇಳಿದ್ದ ಮಾತಿನ ಉಳಿದರ್ಧ ಅವತ್ತು ತಲೆಗೆ ಹೋಯಿತು.

ಎರಡನೆಯ ತೊಂದರೆ ಮೂರನೇ ರಾತ್ರಿ. ಗಾಳಿ ಎದ್ದಿತು, ಹೀಟರ್ ಆರಿತು. ಹಚ್ಚಿದೆ, ಹತ್ತು ನಿಮಿಷಕ್ಕೆ ಮತ್ತೆ ಆರಿತು. ಈ ಸರೋವರದಲ್ಲಿ ಕೆಟ್ಟ ಗಾಳಿ ಬರುವುದು ವಾಯವ್ಯದಿಂದ, ಎಲ್ಲರ ಬಾಗಿಲೂ ಆಗ್ನೇಯಕ್ಕೆ. ನನ್ನ ಬಾಗಿಲೂ ಆಗ್ನೇಯಕ್ಕಿತ್ತು. ಹಾಗಾಗಿ ಎದುರು ಗೋಡೆಯ ಹೊಗೆಬಾಯಿ ನೇರ ವಾಯವ್ಯಕ್ಕೆ, ಗಾಳಿಯ ಬಾಯಿಗೆ. ಆ ರಾತ್ರಿಯೇ ಮನೆಗೆ ವಾಪಸ್ ಬಂದೆವು. ವಾರದ ನಂತರ ಹೀಟರನ್ನು ಕಿತ್ತು ಪಕ್ಕದ ಗೋಡೆಗೆ, ಬಾಗಿಲಿಗೆ ಹತ್ತಿರದ ಕೊನೆಗೆ ಬದಲಾಯಿಸಿದೆ. ಹಳೆಯ ಕಿಂಡಿಗೆ ಫೋಮ್, ತಗಡು, ಸೀಲಂಟ್. ತೇಪೆ ಕಣ್ಣಿಗೆ ಹೊಡೆಯುತ್ತದೆ, ಇರಲಿ. ಆಮೇಲೆ ಒಮ್ಮೆಯೂ ಆರಿಲ್ಲ.

ಅಮ್ಮನಿಗೆ ಉತ್ತರ

ಫೆಬ್ರವರಿ ಮೊದಲ ವಾರ ನಾಲ್ಕು ಥರ್ಮಾಮೀಟರ್ ಕಟ್ಟಿದೆ. ರಾತ್ರಿ ಒಂಬತ್ತಕ್ಕೆ ಹೊರಗೆ ಮೈನಸ್ 23. ಒಳಗೆ ಮಾಡಿನ ಹತ್ತಿರ 24, ನೆಲದ ಮೇಲೆ 12. ನೆಲದ ಕೆಳಗೆ, ಸ್ಕಿಡ್‌ಗಳ ನಡುವಿನ ಗಾಳಿಯಲ್ಲಿ ಮೈನಸ್ 18. ಬೆಂಕಿ ಇರುವ ಕೋಣೆಗೂ ಗಡ್ಡೆಗೂ ನಡುವೆ ಮೈನಸ್ 18ರ ಗಾಳಿ ಓಡಾಡುತ್ತಿದೆ. ವಿಡಿಯೋದಲ್ಲಿ ಟಾರ್ಚ್ ಬಿಟ್ಟು ಅಡಿಯ ಜಾಗ ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಅಡಿಕೆ ಒಣಗಿಸೋ ಅಟ್ಟದ ಹಾಗೆ, ಕೆಳಗೆ ಗಾಳಿ ಬಿಟ್ಟಿದೀಯ. ಹಾಗಾದ್ರೆ ಸರಿ" ಅಂದರು. ಇದಕ್ಕಿಂತ ಚೆನ್ನಾಗಿ ನಾನು ಯಾರಿಗೂ ವಿವರಿಸಲಾರೆ.

ಗೋಡೆ ಒಣಗಿದೆ. ಆದರೆ ಪ್ಲೈವುಡ್ ಹಿಡಿದಿರುವ ಒಂದೊಂದು ಸ್ಕ್ರೂ ತಲೆಯ ಮೇಲೂ ಬೆಳಿಗ್ಗೆ ಹಿಮದ ಬಿಳಿ ಬೊಟ್ಟು. ಕಂಬದೊಳಕ್ಕೆ ಇಳಿದ ಲೋಹ ಹೊರಗಿನ ಚಳಿಯನ್ನು ಒಳಕ್ಕೆ ತರುತ್ತದೆ, ಕೋಣೆಯ ಆವಿ ಅಲ್ಲೇ ಹೋಗಿ ಕೂರುತ್ತದೆ. ಮಗಳು ಎಣಿಸಿದಳು, 212. ಬೇಸಿಗೆಯಲ್ಲಿ ಪ್ರತಿ ತಲೆಯ ಮೇಲೂ ಮರದ ಬಿರಡೆ ಅಂಟಿಸಬೇಕು.

ಮೀನಿನ ಮಾತು ಹೇಳದೆ ಮುಗಿಸಲಾಗದು. ವಾಲ್‌ಐ ಕಣ್ಣಿನ ಹಿಂದೆ ಬೆಳಕನ್ನು ತಿರುಗಿಸುವ ಪದರವಿದೆ, ಮಬ್ಬಿನಲ್ಲೂ ಅದಕ್ಕೆ ಬೇಟೆ ಕಾಣುತ್ತದೆ. ಹಾಗಾಗಿ ಮುಂಜಾನೆ ಮತ್ತು ಮುಸ್ಸಂಜೆಯೇ ಅದರ ಹೊತ್ತು. ಎಮರಾಲ್ಡ್ ಶೈನರ್ ಎಂಬ ಸಣ್ಣ ಮೀನನ್ನು ಫ್ರೀಜರಿನಲ್ಲಿಟ್ಟು ತಂದು ಸಿಕ್ಕಿಸುತ್ತೇವೆ. ಹಗಲಿಗೆ ಸಿಗುವುದು ಹೆಚ್ಚಾಗಿ ಸಾಗರ್, ವಾಲ್‌ಐಯ ಚಿಕ್ಕ ದಾಯಾದಿ. ಆ ಹೆಸರು ಕೇಳಿದಾಗಲೆಲ್ಲ ನನಗೆ ನಮ್ಮ ಜಿಲ್ಲೆಯ ಸಾಗರ ಪೇಟೆ ನೆನಪಾಗುತ್ತದೆ. ಹತ್ತೊಂಬತ್ತೂವರೆ ಇಂಚಿನಿಂದ 28 ಇಂಚಿನವರೆಗಿನ ವಾಲ್‌ಐ ಸಿಕ್ಕರೆ ನೀರಿಗೇ ಬಿಡಬೇಕು, ಮೊಟ್ಟೆ ಇಡುವ ದೊಡ್ಡ ಮೀನುಗಳು ಉಳಿಯಲಿ ಎಂದು. ಹಳದಿ ಮುಚ್ಚಳದ ತೂತಿನಲ್ಲಿ ಒಂದು ರಾತ್ರಿ ಗಿಲಕಿ ಸದ್ದಾಗಿ ಮಗಳು ಎದ್ದು ಎಳೆದದ್ದು 24 ಇಂಚು. ಅಳೆದು, ಎರಡೂ ಕೈಯಲ್ಲಿ ಹಿಡಿದು, ಬಕೆಟ್ಟಿನೊಳಗೆ ತಲೆ ಕೆಳಗಾಗಿ ಇಳಿಸಿ ಬಿಟ್ಟಳು. ಅದು ಬಾಲ ಬೀಸಿ ಹೋದ ಮೇಲೂ ಬಹಳ ಹೊತ್ತು ಆ ಕಪ್ಪು ನೀರನ್ನೇ ನೋಡುತ್ತಾ ಕೂತಿದ್ದಳು. ಚಿಕ್ಕವನ್ನು ಮನೆಗೆ ತಂದು ವಾಟೆಹುಳಿ ಪುಡಿ, ಮೆಣಸಿನಪುಡಿ ಹಚ್ಚಿ ರವೆಯಲ್ಲಿ ಹೊರಳಿಸಿ ಹುರಿದೆವು. ಹಿರಿಯರಿಗೆ ಒಂದು ತಟ್ಟೆ ಕಳಿಸಿದೆ. ತಟ್ಟೆಯಲ್ಲಿ ಬ್ಲೂಬೆರಿ ಜಾಮಿನ ಬಾಟಲಿ ಇಟ್ಟು ವಾಪಸ್ ತಂದರು.

ಮಾರ್ಚ್

ಈ ಗಡಿ ಸರೋವರದಿಂದ ಮಾರ್ಚ್ 31ರೊಳಗೆ ಮನೆ ತೆಗೆಯಬೇಕು. ಹಗಲ ಬಿಸಿಲು ಏರುವ ಮೊದಲೇ, 12ರ ಮುಂಜಾನೆ ಎಳೆದು ತಂದೆವು. ಆರು ತುಂಡುಗಳಲ್ಲಿ ಐದು ಕೈಯಲ್ಲೇ ಎದ್ದು ಬಂದವು, ಒಂದಕ್ಕೆ ಮಾತ್ರ ಎರಡು ಪೆಟ್ಟು ಕೊಡಬೇಕಾಯಿತು. ಹಿತ್ತಲಲ್ಲಿ ಜಾಕ್ ಕೊಟ್ಟು ಅಡಿ ನೋಡಿದೆ. ಸ್ಕ್ರೂಡ್ರೈವರ್ ಎಲ್ಲೂ ಇಳಿಯಲಿಲ್ಲ. ಎಡ ಸ್ಕಿಡ್ಡಿನ ಮೂತಿಯಲ್ಲಿ ಪ್ಲಾಸ್ಟಿಕ್ ಪಟ್ಟಿಯ ಎರಡು ಸ್ಕ್ರೂ ಕಿತ್ತುಹೋಗಿವೆ, ಪಟ್ಟಿ ಒಂದು ಇಂಚು ಬಾಯಿ ಬಿಟ್ಟಿದೆ. ಅದು, 212 ಬಿರಡೆ, ಮತ್ತೆ ಬಾಗಿಲ ಅಡಿಯ ರಬ್ಬರ್. ಜೂನಿಗೆ ಇಷ್ಟು ಕೆಲಸ.